ಸರ್ಕಾರಿ ನೇಮಕಾತಿಯ ಇತಿಹಾಸ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಿಂದ ಒಂದು ನೋಟ

ಸಂಸ್ಥಾನಗಳ ಇತಿಹಾಸವನ್ನು ಬರೆದವರು ಪಟ್ಟಾಭಿಷೇಕ, ಯುದ್ಧ, ಸಂಧಿ, ಕಂದಾಯ, ದೇವದಾಯ ಇವುಗಳಿಗೆ ಕೊಟ್ಟ ಗಮನದಲ್ಲಿ ನೂರರಲ್ಲೊಂದು ಪಾಲನ್ನೂ ಒಂದು ಸಾಮಾನ್ಯ ಪ್ರಶ್ನೆಗೆ ಕೊಟ್ಟಂತೆ ಕಾಣುವುದಿಲ್ಲ. ಓದು ಮುಗಿಸಿದ ಒಬ್ಬ ತರುಣನಿಗೆ ಮೊದಲನೆಯ ಕೆಲಸ ಹೇಗೆ ದೊರೆಯುತ್ತಿತ್ತು? ಅದನ್ನು ಯಾರು ಕೊಡುತ್ತಿದ್ದರು, ಏನನ್ನು ನೋಡಿ ಕೊಡುತ್ತಿದ್ದರು, ಕೊಡದೆ ಹೋದಾಗ ಅವನು ಯಾರ ಮುಂದೆ ನಿಂತು ಕಾರಣ ಕೇಳಬಹುದಾಗಿತ್ತು? ಮನೆಮನೆಯ ಮಾತಾದ ಈ ಪ್ರಶ್ನೆ ಇತಿಹಾಸದ ಪುಸ್ತಕವನ್ನು ಹೊಕ್ಕಿರುವುದು ಅಪರೂಪ. ಈ ಲೇಖನದಲ್ಲಿ ನಾವು ಅದನ್ನು ಮಲೆನಾಡಿನ ಮೂರು ತಾಲ್ಲೂಕುಗಳ ಕಡೆಯಿಂದ ಪರಿಶೀಲಿಸಹೊರಟಿದ್ದೇವೆ. ರಾಜಧಾನಿಯಲ್ಲಿ ನಿಂತು ನೋಡಿದರೆ ನೇಮಕಾತಿಯ ಇತಿಹಾಸವು ಒಂದರ ಮೇಲೊಂದು ಸುಧಾರಣೆಗಳ ಸಾಲಾಗಿ ಕಾಣುತ್ತದೆ. ಕೊಪ್ಪದಲ್ಲಿ ನಿಂತು ನೋಡಿದರೆ ಚಿತ್ರ ಸ್ವಲ್ಪ ಬೇರೆಯಾಗುತ್ತದೆ.

ಮೊದಲು ಸೀಮೆಯ ಸ್ವರೂಪವನ್ನು ಹೇಳಬೇಕು. ಇಂದು ಮೂರು ತಾಲ್ಲೂಕುಗಳಾಗಿರುವ ಈ ಪ್ರದೇಶ ಹಳೆಯ ಕಡೂರು ಜಿಲ್ಲೆಯ ಪಶ್ಚಿಮ ಭಾಗ. ಕೊಪ್ಪ ತಾಲ್ಲೂಕಿಗೆ ಎಡೇಹಳ್ಳಿ ಎಂಬ ಉಪ ತಾಲ್ಲೂಕು ಸೇರಿತ್ತು. ಆ ಎಡೇಹಳ್ಳಿಗೆ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ ನರಸಿಂಹರಾಜಪುರವೆಂದು ಹೊಸ ನಾಮಧೇಯವಾಯಿತು. ಶೃಂಗೇರಿಯು ಮಠದ ಜಾಗೀರಾಗಿದ್ದು, ಸ್ವಾತಂತ್ರ್ಯಾನಂತರ ಇನಾಮುಗಳು ರದ್ದಾಗುವವರೆಗೂ ಅಲ್ಲಿಯ ಕಂದಾಯದ ಆಡಳಿತವೇ ಪ್ರತ್ಯೇಕವಾಗಿತ್ತು. ಅಂದರೆ ಕೆಲವೇ ಹರದಾರಿಗಳ ಅಂತರದಲ್ಲಿ ಎರಡು ಬಗೆಯ ಯಜಮಾನಿಕೆ: ಒಂದು ಕಡೆ ಸರ್ಕಾರದ ಹುದ್ದೆ, ಇನ್ನೊಂದು ಕಡೆ ಮಠದ ಸೇವೆ. ಕಾಡು, ಅಡಿಕೆ ತೋಟ, ಗದ್ದೆಯ ಕೋವು, ಒಂದಕ್ಕೊಂದು ದೂರವಾದ ಒಂಟಿ ಮನೆಗಳು, ವರ್ಷದ ನಾಲ್ಕೈದು ತಿಂಗಳು ಬಿಡದೆ ಸುರಿಯುವ ಮಳೆ, ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬಿಡದಿದ್ದ ಮಲೇರಿಯಾ. ಬಯಲುಸೀಮೆಯ ನೌಕರನಿಗೆ ಈ ಕಡೆ ವರ್ಗವಾಯಿತೆಂದರೆ ಮನೆಯಲ್ಲಿ ಸೂತಕದ ಮುಖ ಕಾಣುತ್ತಿತ್ತೆಂಬ ಮಾತು ಹಳಬರ ಬಾಯಲ್ಲಿ ಉಳಿದಿದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಕೆಲಸವಿದೆ.

ಹಳೆಯ ಕಾಲದಲ್ಲಿ ಗ್ರಾಮದ ಹುದ್ದೆಗೆ ಅಭ್ಯರ್ಥಿ ಎಂಬ ಮಾತೇ ಇರಲಿಲ್ಲ. ಶಾನುಭೋಗಿಕೆ, ಪಟೇಲಿಕೆಗಳು ವಂಶಕ್ಕೆ ಅಂಟಿಕೊಂಡು ಬಂದವು. ಶಾನುಭೋಗನ ಮಗ ತಂದೆಯ ಕಡತವನ್ನು ನೋಡಿ, ತಂದೆಯ ಅಕ್ಷರವನ್ನೇ ಅನುಕರಿಸಿ, ಅಳತೆಯ ಲೆಕ್ಕವನ್ನು ಜಗಲಿಯ ಮೇಲೆ ಕಲಿಯುತ್ತಿದ್ದ. ಈ ಪದ್ಧತಿಯನ್ನು ಕೇವಲ ಅನ್ಯಾಯವೆಂದು ತಳ್ಳಿಹಾಕಿದರೆ ಇತಿಹಾಸಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ. ಪ್ರತಿ ಗದ್ದೆಯ ಮೇರೆಯನ್ನೂ ಬಲ್ಲ ಒಬ್ಬ ಲೆಕ್ಕಿಗನನ್ನು ಅದು ಊರಿಗೆ ಒದಗಿಸುತ್ತಿತ್ತು. ಆದರೆ ಊರಿನ ಉಳಿದ ಮಕ್ಕಳ ಪಾಲಿಗೆ ಆ ಬಾಗಿಲು ಹುಟ್ಟುವ ಮೊದಲೇ ಮುಚ್ಚಿರುತ್ತಿತ್ತೆಂಬುದೂ ಅಷ್ಟೇ ನಿಜ.

ಗ್ರಾಮದ ಮೇಲಿನ ಹುದ್ದೆಗಳ ಕಥೆ ಬೇರೆ. 1763ರಲ್ಲಿ ಕೆಳದಿಯ ರಾಜ್ಯ ಹೈದರಾಲಿಯ ವಶವಾದ ಮೇಲೆ ಈ ಸೀಮೆ ಮೈಸೂರಿಗೆ ಸೇರಿತು; 1799ರ ನಂತರ ನಗರದ ಫೌಜುದಾರಿಯ ಆಡಳಿತಕ್ಕೆ ಒಳಪಟ್ಟಿತು. ನಗರದ ಫೌಜುದಾರರಾಗಿದ್ದ ರಾಮರಾಯರು ಮತ್ತು ಅವರ ಬಂಧುವರ್ಗದವರು ಆ ಪ್ರಾಂತದ ಹುದ್ದೆಗಳನ್ನು ಎಷ್ಟರಮಟ್ಟಿಗೆ ತಮ್ಮ ಕೈಯಲ್ಲಿಟ್ಟುಕೊಂಡರೆಂಬುದು ಮೈಸೂರಿನ ಇತಿಹಾಸಕಾರರಿಗೆಲ್ಲ ತಿಳಿದ ವಿಷಯ. 1830ರ ಹೊತ್ತಿಗೆ ಅವರ ಬಂಧುವಾದ ಕೃಷ್ಣರಾಯರು ಫೌಜುದಾರರು. ಅಮಲ್ದಾರರು ಇಂತಿಷ್ಟು ಹುಟ್ಟುವಳಿಯನ್ನು ತಂದೊಪ್ಪಿಸುವುದಾಗಿ ಕರಾರು ಬರೆದುಕೊಟ್ಟು ಹುದ್ದೆಯಲ್ಲಿ ಕೂರುವ ಶರ್ತಿನ ಪದ್ಧತಿಯೂ ಆಗ ನಡೆಯುತ್ತಿತ್ತು. 1830-31ರ ನಗರದ ದಂಗೆಗೆ ಕಾರಣಗಳು ಹಲವು. ಕಂದಾಯದ ಹೊರೆ ಅವುಗಳಲ್ಲಿ ಮುಖ್ಯವಾದುದು. ಆದರೆ ಹುದ್ದೆಯನ್ನು ಗುತ್ತಿಗೆಯ ಸ್ವತ್ತಿನಂತೆ ಹಿಡಿದವನು ರೈತನಿಂದ ಅದರ ಬೆಲೆಯನ್ನು ವಸೂಲು ಮಾಡದೆ ಬಿಡುವುದಿಲ್ಲವೆಂಬುದನ್ನು ಗಮನಿಸಿದರೆ, ನೇಮಕದ ಕ್ರಮಕ್ಕೂ ಕಂದಾಯದ ಹೊರೆಗೂ ಇದ್ದ ನಂಟು ತಾನಾಗಿ ಕಾಣುತ್ತದೆ. 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವು ಬ್ರಿಟಿಷರಿಗೆ ಹೋಯಿತು. ನೌಕರಿಯನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಒಂದು ರಾಜ್ಯದ ಭವಿಷ್ಯದೊಡನೆ ಇಷ್ಟು ನೇರವಾಗಿ ಹೆಣೆದುಕೊಂಡ ಇನ್ನೊಂದು ಪ್ರಸಂಗ ನಮ್ಮ ನಾಡಿನ ಚರಿತ್ರೆಯಲ್ಲಿ ವಿರಳ.

ಕಮಿಷನರರ ಆಳ್ವಿಕೆಯ 50 ವರ್ಷಗಳಲ್ಲಿ ಕಚೇರಿಗಳು ಬೆಳೆದವು, ಕಾಗದ ಬೆಳೆಯಿತು, ಕಾಗದವನ್ನು ಬರೆಯುವವರ ಅಗತ್ಯವೂ ಬೆಳೆಯಿತು. ಈ ಕಾಲದ ಕಚೇರಿಯ ಬಾಗಿಲಲ್ಲಿ ನಿಂತವನಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ಉಮೇದುವಾರ. ಪಾರಸಿಯ ಈ ಶಬ್ದಕ್ಕೆ ಆಸೆಯುಳ್ಳವನು ಎಂದು ಅರ್ಥ. ಇಂದು ಚುನಾವಣೆಗೆ ನಿಂತವನಿಗೂ ಉಮೇದುವಾರನೆನ್ನುತ್ತೇವೆ. ಅಂದು ಈ ಮಾತಿಗೆ ಹೆಚ್ಚು ಕರುಣಾಜನಕವಾದ ಅರ್ಥವಿತ್ತು. ಸಂಬಳವಿಲ್ಲದೆ ಗುಮಾಸ್ತರ ಬಳಿ ಕುಳಿತು ನಕಲು ತೆಗೆದು, ಕಡತ ಕಟ್ಟಿ, ಸಣ್ಣಪುಟ್ಟ ಊಳಿಗವನ್ನೂ ಮಾಡಿ, ಎಂದಾದರೂ ಒಂದು ಜಾಗ ತೆರವಾದಾಗ ತನ್ನ ಹೆಸರನ್ನು ಶಿರಸ್ತೇದಾರರು ನೆನೆಯಲಿ ಎಂದು ಕಾಯುವವನೇ ಉಮೇದುವಾರ. ಹೀಗೆ ಕಾಯಲು ಮೊದಲು ಊಟಕ್ಕಿರಬೇಕು, ತಂಗಲು ನೆಂಟರ ಮನೆಯಿರಬೇಕು, ಕಚೇರಿಯೊಳಗೆ ಒಬ್ಬ ಪರಿಚಿತನಿರಬೇಕು. ಮೂರೂ ಉಳ್ಳವನಿಗೆ ಉಮೇದುವಾರಿಕೆ ಒಂದು ಶಿಕ್ಷಣ; ಮೂರೂ ಇಲ್ಲದ ಮಲೆನಾಡಿನ ಒಕ್ಕಲುಮಗನಿಗೆ ಅದು ಕೇಳಿ ತಿಳಿದ ಸುದ್ದಿ ಮಾತ್ರ. ವಶೀಲಿ, ಶಿಫಾರಸು ಎಂಬ ಶಬ್ದಗಳೂ ಇದೇ ಕಚೇರಿಯ ದಾರಿಯಿಂದ ಕನ್ನಡದ ಒಳಗೆ ಬಂದು ಇಂದಿಗೂ ವೃದ್ಧಾಪ್ಯವಿಲ್ಲದೆ ಬಾಳುತ್ತಿವೆ.

ಇಂಗ್ಲೆಂಡಿನಲ್ಲಿ 1854ರ ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ವರದಿಯು ಶಿಫಾರಸಿನ ನೇಮಕವನ್ನು ಖಂಡಿಸಿ ಪರೀಕ್ಷೆಯನ್ನು ಎತ್ತಿಹಿಡಿಯಿತು. ಮರುವರ್ಷವೇ ಭಾರತದ ಸಿವಿಲ್ ಸರ್ವಿಸಿಗೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ನಡೆಯಿತು. ಮೈಸೂರಿಗೆ ಈ ವಿಚಾರ ಬಂದದ್ದು 1881ರ ಪುನರ್ದಾನದ ಅನಂತರ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಏರ್ಪಟ್ಟಿತು. ಆದರೆ ಅದೇ ದಿವಾನರ ಕಾಲದಲ್ಲಿ ಮದರಾಸಿನ ಕಡೆಯಿಂದ ಬಂದ ವಿದ್ಯಾವಂತರಿಗೆ ದೊಡ್ಡ ಹುದ್ದೆಗಳು ದೊರೆತುವೆಂದು ಅಸಮಾಧಾನ ಹುಟ್ಟಿ, ಮೈಸೂರು ಮೈಸೂರಿನವರಿಗೆ ಎಂಬ ಕೂಗು ಎದ್ದಿತು. ಪರೀಕ್ಷೆ ಎಷ್ಟೇ ನಿಷ್ಪಕ್ಷಪಾತವಾಗಿರಲಿ, ಪರೀಕ್ಷೆಗೆ ಕೂರುವ ಮುನ್ನ ಇಂಗ್ಲಿಷಿನಲ್ಲಿ ಪದವಿ ಪಡೆದಿರಬೇಕು. ಪದವಿಗೆ ಕಾಲೇಜು ಬೇಕು. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಅದಕ್ಕೆ ಮೊದಲು ಪದವಿಯೆಂದರೆ ಮದರಾಸಿನ ಪದವಿಯೇ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮದರಾಸಿನಲ್ಲಿ ಎಂ.ಎ. ಮುಗಿಸಿ, ಸಿವಿಲ್ ಸರ್ವಿಸಿನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, 1914ರಲ್ಲಿ ಸೇವೆಗೆ ಸೇರಿದರು. ಬಡತನದ ಮನೆಯ ಹುಡುಗನೊಬ್ಬ ಕೇವಲ ಓದಿನ ಬಲದಿಂದ ಅಸಿಸ್ಟೆಂಟ್ ಕಮಿಷನರಾಗಬಹುದೆಂಬುದಕ್ಕೆ ಅವರ ಜೀವನ ಸಾಕ್ಷಿ. ಅದೇ ಮಾಸ್ತಿಯವರು ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರಿಗೆ ಪದವಿ ದೊರೆತುದರಿಂದ 1943ರಲ್ಲಿ ಸೇವೆಯನ್ನು ಬಿಟ್ಟರು. ಒಳಹೊಗುವ ಬಾಗಿಲಿನ ನಿಯಮವೂ ಒಳಗಿನ ಮೆಟ್ಟಿಲುಗಳ ನಿಯಮವೂ ಒಂದೇ ಆಗಿರಲಿಲ್ಲ.

ಪರೀಕ್ಷೆಯ ಬಾಗಿಲಲ್ಲಿ ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ ಎಂಬ ಲೆಕ್ಕ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ರಾಜಕೀಯದ ಮುಖ್ಯ ಪ್ರಶ್ನೆಯಾಯಿತು. ಸಮುದಾಯಗಳಿಗೆ ಪಾಲು ಕೊಡುವ ಆಲೋಚನೆ ಹೊಸದೇನೂ ಅಲ್ಲ. 1874ರಷ್ಟು ಹಿಂದೆಯೇ ಪೋಲೀಸು ಇಲಾಖೆಯ ಕೆಳ ಮತ್ತು ಮಧ್ಯಮ ಹುದ್ದೆಗಳಲ್ಲಿ ಹತ್ತರಲ್ಲಿ ಎಂಟು ಬ್ರಾಹ್ಮಣೇತರರಿಗೆ ಹೋಗಬೇಕೆಂದು ಆಜ್ಞೆಯಾಗಿತ್ತು. ಆದರೆ ವ್ಯವಸ್ಥಿತವಾದ ವಿಚಾರಣೆ ನಡೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದಾಗ. 1919ರಲ್ಲಿ ಬಂದ ವರದಿಯು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಾದರೂ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದು ಸಲಹೆ ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟುದಕ್ಕೆ ಈ ಪ್ರಶ್ನೆಯೂ ಒಂದು ಕಾರಣವೆಂದು ಅಂದಿನಿಂದಲೂ ಹೇಳುತ್ತ ಬಂದಿದೆ. 1921ರಲ್ಲಿ ಸರ್ಕಾರದ ಆಜ್ಞೆಗಳಾದುವು. ಅದೇ ವರ್ಷ ನೇಮಕಗಳನ್ನು ನೋಡಿಕೊಳ್ಳಲು ಒಂದು ಕೇಂದ್ರ ನೇಮಕಾತಿ ಮಂಡಲಿಯೂ ಸ್ಥಾಪಿತವಾಯಿತು.

ಈ ಮಂಡಲಿಗೆ ಇತಿಹಾಸಕಾರರು ಕೊಡಬೇಕಾದಷ್ಟು ಬೆಲೆಯನ್ನು ಕೊಟ್ಟಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಿಲ್ಲರ್ ಸಮಿತಿಯ ಚರ್ಚೆಯೆಲ್ಲ ಪಾಲಿನ ಪ್ರಮಾಣದ ಸುತ್ತ ಸುತ್ತುತ್ತದೆ. ಆದರೆ ಅದರ ಹಿಂದೆಯೇ ನಡೆದ ಮೌನವಾದ ಬದಲಾವಣೆಯೆಂದರೆ, ಇಲಾಖೆಯ ಮುಖ್ಯಸ್ಥನು ತನ್ನ ಕೊಠಡಿಯಲ್ಲಿ ಕುಳಿತು ತನಗೆ ತೋರಿದವನನ್ನು ನೇಮಿಸುವ ಅಧಿಕಾರಕ್ಕೆ ಹೊರಗಿನ ಒಂದು ಕಣ್ಣು ಬಂದುದು. ಮಂಡಲಿ 1940ರವರೆಗೆ ನಡೆದು, ಆ ವರ್ಷ ಪಬ್ಲಿಕ್ ಸರ್ವಿಸ್ ಕಮಿಷನರೊಬ್ಬರ ನೇಮಕವಾಯಿತು. ಸಂವಿಧಾನದ 315ನೆಯ ವಿಧಿಗನುಸಾರವಾಗಿ 1951ರ ಮೇ 18ರಂದು ಮೈಸೂರಿನ ಲೋಕಸೇವಾ ಆಯೋಗ ಅಸ್ತಿತ್ವಕ್ಕೆ ಬಂದಿತು.

ಕೊಪ್ಪದ ಸೀಮೆಗೆ ಇವೆಲ್ಲದರ ಫಲ ಎಷ್ಟು ಮುಟ್ಟಿತು? ಪಾಲು ಮೀಸಲಾದ ಮಾತ್ರಕ್ಕೆ ಪಾಲನ್ನು ಪಡೆಯುವವನು ಸಿದ್ಧನಾಗಿರುವುದಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ತೀರ್ಥಹಳ್ಳಿಯಲ್ಲಿ ಓದಿ, ಪ್ರೌಢಶಾಲೆಗಾಗಿ ಮೈಸೂರಿಗೆ ಹೋಗಬೇಕಾಯಿತು; 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಅವರಂಥ ಪ್ರತಿಭೆ ಕಾಡನ್ನು ದಾಟಿ ಹೋದುದು ಸಂತೋಷದ ವಿಷಯ. ಆದರೆ ಪ್ರೌಢಶಾಲೆಗಾಗಿ ನೂರಾರು ಮೈಲು ಹೋಗಲಾರದ ಸಾಮಾನ್ಯ ಹುಡುಗನ ಮಟ್ಟಿಗೆ 1891ರ ಪರೀಕ್ಷೆಯೂ 1921ರ ಆಜ್ಞೆಯೂ ಘಟ್ಟದ ಮೇಲಿನ ಮೋಡಗಳಂತೆ ದೂರದಿಂದ ಕಾಣುವ ವಸ್ತುಗಳಾಗಿದ್ದುವು.

ಗ್ರಾಮದ ಮಟ್ಟದಲ್ಲಿ ನಿಜವಾದ ಬಿರುಕು ಮೂಡಿದ್ದು ಏಕೀಕರಣದ ಅನಂತರ. ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1961ರಲ್ಲಿ ಆಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ವಂಶಪಾರಂಪರ್ಯದ ಶಾನುಭೋಗಿಕೆ ಮುಗಿದು, ಅದರ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗನು ಬಂದನು. ಕಾಲಕ್ರಮದಲ್ಲಿ ಈ ಹುದ್ದೆಗೆ ಪಿ.ಯು.ಸಿ. ಅಂಕಗಳನ್ನು ಆಧರಿಸಿ ಜಿಲ್ಲಾವಾರು ಪಟ್ಟಿ ಮಾಡುವ ಕ್ರಮ ನೆಲೆಗೊಂಡಿತು. ಎಷ್ಟೋ ಬಡಮನೆಗಳ ಹುಡುಗ ಹುಡುಗಿಯರು ಯಾರ ಮನೆಯ ಬಾಗಿಲನ್ನೂ ತಟ್ಟದೆ ಸರ್ಕಾರಿ ನೌಕರರಾದುದು ಈ ದಾರಿಯಿಂದ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿ ಎಂಬ ಹೊಸ ಹೆಸರಿನಿಂದ 1,000 ಹುದ್ದೆಗಳನ್ನು ತುಂಬುವಾಗ ಅಂಕಪಟ್ಟಿಯ ಕ್ರಮವನ್ನು ಬಿಟ್ಟು ಸ್ಪರ್ಧಾ ಪರೀಕ್ಷೆ ನಡೆಯಿತು. ಅದಕ್ಕೆ ಮೊದಲು ಕಡ್ಡಾಯ ಕನ್ನಡದ ಪರೀಕ್ಷೆಯೂ ಇತ್ತು. ಹುಟ್ಟು, ಅಂಕ, ಪರೀಕ್ಷೆ: ಒಂದೇ ಹುದ್ದೆ ಸುಮಾರು 60 ವರ್ಷಗಳಲ್ಲಿ ಮೂರು ಬಾಗಿಲುಗಳನ್ನು ಕಂಡಿತು.

ಆಯೋಗ ಸ್ಥಾಪಿತವಾದರೂ ಹಿಂಬಾಗಿಲು ಮುಚ್ಚಲಿಲ್ಲ. ಆಯೋಗದ ಆಯ್ಕೆ ನಿಧಾನ; ಕಚೇರಿಯ ಕೆಲಸ ಅವಸರ. ಈ ಎರಡರ ನಡುವೆ ಹುಟ್ಟಿದವನು 'ಸ್ಥಳೀಯ ಅಭ್ಯರ್ಥಿ', ಅಂದರೆ ಆಯ್ಕೆಯ ಕ್ರಮವಿಲ್ಲದೆ ತಾತ್ಕಾಲಿಕವಾಗಿ ಕೆಲಸಕ್ಕೆ ಬಂದವನು. ತಾತ್ಕಾಲಿಕವು ವರ್ಷಗಟ್ಟಲೆ ನಡೆದು, ಕೊನೆಗೆ ಖಾಯಂ ಮಾಡುವ ಆಜ್ಞೆ, ಆಜ್ಞೆಯ ಮೇಲೆ ವ್ಯಾಜ್ಯ. ಖಾಯಂ ಮಾಡುವುದು ನೇಮಕಾತಿಯ ಒಂದು ವಿಧಾನವಾಗಲಾರದೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ನಂಜುಂಡಪ್ಪ ಮತ್ತು ತಿಮ್ಮಯ್ಯ ಪ್ರಕರಣದಲ್ಲಿ ಹೇಳಿತು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸಂವಿಧಾನ ಪೀಠವು ಅದನ್ನೇ ಇನ್ನಷ್ಟು ಕಠಿಣವಾಗಿ ವಿಧಿಸಿತು. ಎರಡೂ ನಮ್ಮ ನಾಡಿನಿಂದಲೇ ಹೋದ ವ್ಯಾಜ್ಯಗಳೆಂಬುದು ಗಮನಾರ್ಹ. ತತ್ತ್ವದ ದೃಷ್ಟಿಯಿಂದ ತೀರ್ಪು ಸರಿಯೆಂದೇ ತೋರುತ್ತದೆ. ಒಬ್ಬನನ್ನು ಹಿಂಬಾಗಿಲಿನಿಂದ ಸೇರಿಸಿಕೊಂಡರೆ ಮುಂಬಾಗಿಲಲ್ಲಿ ಸಾಲುನಿಂತ ಸಾವಿರ ಜನಕ್ಕೆ ಮೋಸವಾಗುತ್ತದೆ. ಆದರೆ ಹತ್ತು ವರ್ಷ ದಿನಗೂಲಿಯಾಗಿ ದುಡಿಸಿಕೊಂಡ ಸರ್ಕಾರಕ್ಕೆ ಯಾವ ಶಿಕ್ಷೆಯೂ ಇಲ್ಲದೆ, ದುಡಿದವನಿಗೇ ಪೂರ್ತಿ ನಷ್ಟವಾದುದನ್ನು ನೋಡಿದಾಗ ತತ್ತ್ವದ ತಕ್ಕಡಿ ಒಂದೇ ಕಡೆ ತೂಗಿತೇನೋ ಎನಿಸದಿರುವುದಿಲ್ಲ.

ಸಂದರ್ಶನದ ವಿಷಯದಲ್ಲಿಯೂ ನಮ್ಮ ನಾಡಿನ ವ್ಯಾಜ್ಯವೇ ಮೊದಲಿನದು. 1964ರಲ್ಲಿ ಚಿತ್ರಲೇಖಾ ಮತ್ತು ಮೈಸೂರು ರಾಜ್ಯ ಪ್ರಕರಣದಲ್ಲಿ, ವೃತ್ತಿಶಿಕ್ಷಣದ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸುವುದು ತನ್ನಷ್ಟಕ್ಕೆ ಸಂವಿಧಾನ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಸುಮಾರು 20 ವರ್ಷಗಳ ತರುವಾಯ, 1985ರಲ್ಲಿ, ಹರಿಯಾಣದ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಂದರ್ಶನದ ಪಾಲು ನೂರಕ್ಕೆ 12.2ನ್ನು ಮೀರಬಾರದೆಂದು ಸೂಚಿಸಬೇಕಾಯಿತು. ನಡುವಣ ಅನುಭವ ಏನೆಂಬುದನ್ನು ಈ ಅಂಕಿಯೇ ಹೇಳುತ್ತದೆ.

ಈಗ ನಮ್ಮ ಲೇಖನದ ಕೇಂದ್ರಕ್ಕೆ ಬರುತ್ತೇವೆ. 1994ರ ಡಿಸೆಂಬರಿನಲ್ಲಿ ಎಚ್. ಡಿ. ದೇವೇಗೌಡರು ಮುಖ್ಯಮಂತ್ರಿಗಳಾದಾಗ, ಶೃಂಗೇರಿ ಕ್ಷೇತ್ರದಿಂದ ಆರಿಸಿ ಬಂದಿದ್ದ ಎಚ್. ಜಿ. ಗೋವಿಂದೇಗೌಡರು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣದ ಮಂತ್ರಿಗಳಾದರು. ನಾವು ಚರ್ಚಿಸುತ್ತಿರುವ ಮೂರು ತಾಲ್ಲೂಕುಗಳೇ ಆ ಕ್ಷೇತ್ರದ ಒಡಲು. ಕೊಪ್ಪವೇ ಅವರ ನೆಲೆ. ಜೆ. ಎಚ್. ಪಟೇಲರ ಮಂತ್ರಿಮಂಡಲದಲ್ಲಿಯೂ ಮುಂದುವರಿದು 1999ರವರೆಗೆ ಅವರು ಆ ಇಲಾಖೆಯನ್ನು ನಡೆಸಿದರು. ಅವರ ಅವಧಿಯಲ್ಲಿ ನೇಮಕವಾದ ಶಿಕ್ಷಕರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಸಂಖ್ಯೆಗಿಂತಲೂ ದೊಡ್ಡದೆಂದರೆ ಅದರೊಡನೆ ಬಂದ ಹೆಸರು: ಇಷ್ಟೊಂದು ನೇಮಕದಲ್ಲಿ ಲಂಚವಿಲ್ಲ, ಶಿಫಾರಸಿಲ್ಲ ಎಂಬ ನಂಬಿಕೆ ಜನರಲ್ಲಿ ಹುಟ್ಟಿತು. 2016ರ ಜನವರಿಯಲ್ಲಿ ಅವರು ನಿಧನರಾದಾಗ ಪತ್ರಿಕೆಗಳು ಮೊದಲು ನೆನೆದುದು ಇದನ್ನೇ.

ಇದು ಹೇಗೆ ಸಾಧ್ಯವಾಯಿತು? ಒಬ್ಬ ಮಂತ್ರಿಯ ವೈಯಕ್ತಿಕ ಶೀಲವನ್ನು ಕಾರಣವಾಗಿ ಹೇಳಿ ಸುಮ್ಮನಾಗುವುದು ಸುಲಭ. ಅದು ನಿಜದ ಒಂದು ಭಾಗವೂ ಹೌದು. ಆದರೆ ಶೀಲವಂತರಾದ ಮಂತ್ರಿಗಳು ಮೊದಲೂ ಇದ್ದರು. ಇಲ್ಲಿ ನಡೆದುದೆಂದರೆ, ಯಾರು ಕೊಡಬಲ್ಲರೆಂಬ ಪ್ರಶ್ನೆಗೆ ಉತ್ತರವೇ ಇಲ್ಲದಂತೆ ಮಾಡಿದುದು. ಅರ್ಹತಾ ಪರೀಕ್ಷೆಗಳಲ್ಲಿ ಪಡೆದ ಅಂಕಗಳು, ಮೀಸಲಾತಿಯ ಸರದಿ, ಇವೆರಡರಿಂದ ಪಟ್ಟಿ ತಾನಾಗಿ ಹುಟ್ಟುವಂತಾದರೆ, ಸಂದರ್ಶನದಲ್ಲಿ ಕುಳಿತವರ ಮರ್ಜಿಗೆ ಎಡೆ ಉಳಿಯುವುದಿಲ್ಲ. ಪಟ್ಟಿ ಬಹಿರಂಗವಾಗಿ ಗೋಡೆಯ ಮೇಲೆ ಬಂದರೆ, ತನಗಿಂತ ಕಡಿಮೆ ಅಂಕದವನು ಮೇಲೆ ಇದ್ದಾನೆಯೇ ಎಂದು ಅಭ್ಯರ್ಥಿಯೇ ನೋಡಿಕೊಳ್ಳಬಹುದು. ಶಾಸಕನು ಪತ್ರ ಬರೆದುಕೊಟ್ಟರೂ ಅದನ್ನು ಇಡುವ ಜಾಗ ಕಡತದಲ್ಲಿ ಇರುವುದಿಲ್ಲ. ಲಂಚವು ನಿಲ್ಲುವುದು ತೆಗೆದುಕೊಳ್ಳುವವನ ಕೈ ಶುದ್ಧವಾದಾಗ ಮಾತ್ರವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕೊಟ್ಟರೂ ಪ್ರಯೋಜನವಿಲ್ಲವೆಂದು ಕೊಡುವವನಿಗೆ ಮನದಟ್ಟಾದಾಗಲೂ ಅದು ನಿಲ್ಲುತ್ತದೆ.

ಎರಡನೆಯ ಅಂಶ ಸ್ಥಳನಿಯುಕ್ತಿ. ಹಿಂದೆ ನಾವು ನೆನಪಿನಲ್ಲಿಡಲು ಹೇಳಿದ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಶಿಕ್ಷಕನ ಮಟ್ಟಿಗೆ ಕೆಲಸ ಸಿಕ್ಕಿತೆಂಬುದು ಅರ್ಧ ಸುದ್ದಿ. ಯಾವ ಊರಿಗೆ ಎಂಬುದು ಉಳಿದರ್ಧ. ಆಯ್ಕೆ ಎಷ್ಟೇ ನಿರ್ಮಲವಾಗಿದ್ದರೂ, ಊರನ್ನು ಹಂಚುವ ಅಧಿಕಾರ ಒಬ್ಬನ ಮೇಜಿನ ಮೇಲಿದ್ದರೆ ಹಳೆಯ ವ್ಯಾಪಾರ ಅಲ್ಲಿಗೆ ಹೋಗಿ ಅಂಗಡಿ ತೆರೆಯುತ್ತದೆ. ಪೇಟೆಯ ಬಳಿಯ ಶಾಲೆಗೆ ಬೆಲೆ. ಬೆಲೆ ಕೊಡಲಾರದವನಿಗೆ ಕಾಡಿನಂಚಿನ ಶಾಲೆ. ಹಾಗಾದಾಗ ಶೃಂಗೇರಿಯ ಮೇಲುಭಾಗದ ಒಂದು ಏಕೋಪಾಧ್ಯಾಯ ಶಾಲೆಯು ಶಿಕ್ಷೆಯ ಸ್ಥಳವಾಗಿ, ಬಂದವನು ಹೋಗುವ ದಿನವನ್ನೇ ಎಣಿಸುತ್ತಾನೆ. ಮಕ್ಕಳು ಖಾಲಿ ಕುರ್ಚಿಯನ್ನು ನೋಡುತ್ತಾರೆ. ವೃತ್ತಿಶಿಕ್ಷಣದ ಸೀಟುಗಳಿಗಾಗಿ 1994ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಮೊದಲಾದಾಗ, ಎಲ್ಲರ ಎದುರಿಗೆ ಕರೆದು, ಉಳಿದ ಸ್ಥಾನಗಳನ್ನು ತೋರಿಸಿ, ಅರ್ಹತೆಯ ಅನುಕ್ರಮದಲ್ಲಿ ಆರಿಸಿಕೊಳ್ಳಲು ಬಿಡುವ ಕೌನ್ಸೆಲಿಂಗ್ ಪದ್ಧತಿ ಜನರ ಅನುಭವಕ್ಕೆ ಬಂದಿತ್ತು. ಅದೇ ಪದ್ಧತಿ ಶಿಕ್ಷಕರ ಸ್ಥಳನಿಯುಕ್ತಿಗೂ ವರ್ಗಾವಣೆಗೂ ಹಬ್ಬಿ ಕ್ರಮವಾಗಿ ಬೇರೂರಿತು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮ ಅದಕ್ಕೆ ಕಾನೂನಿನ ಬಲವನ್ನು ಕೊಟ್ಟಿತು. 2020ರಲ್ಲಿ ಅದರ ಸ್ಥಾನಕ್ಕೆ ಹೊಸ ಅಧಿನಿಯಮ ಬಂದಿತು. ಈ ಕಾನೂನುಗಳ ಮೇಲೆ ಶಿಕ್ಷಕರಿಂದ ದೂರುಗಳು ಸಾಕಷ್ಟಿವೆ. ಆದರೂ ತಾನು ಹೋಗುವ ಊರು ಖಾಲಿ ಇದೆಯೇ ಇಲ್ಲವೇ ಎಂಬುದನ್ನು ಪರದೆಯ ಮೇಲೆ ನೋಡಿ ತಿಳಿಯುವುದಕ್ಕೂ, ಕಚೇರಿಯ ಗುಮಾಸ್ತನ ಪಿಸುಮಾತಿನಿಂದ ತಿಳಿಯುವುದಕ್ಕೂ ಇರುವ ಅಂತರವನ್ನು ಹಳೆಯ ಶಿಕ್ಷಕರು ಬಲ್ಲರು.

ಮಂತ್ರಿಗಳು ಮಲೆನಾಡಿನವರಾಗಿದ್ದುದಕ್ಕೂ ಈ ಸುಧಾರಣೆಗೂ ಸಂಬಂಧವಿದೆಯೇ ಎಂದು ಕೇಳಬಹುದು. ಸ್ಥಳನಿಯುಕ್ತಿಯ ಅನ್ಯಾಯದಿಂದ ಹೆಚ್ಚು ನಷ್ಟ ಹೊಂದಿದ ಸೀಮೆಯ ಪ್ರತಿನಿಧಿಗೆ ಖಾಲಿ ಶಾಲೆಯ ಅರ್ಥವನ್ನು ಅಂಕಿ ಅಂಶಗಳಿಂದ ವಿವರಿಸಬೇಕಾಗಿರಲಿಲ್ಲವೆಂದಷ್ಟೇ ನಾವು ಹೇಳುತ್ತೇವೆ.

ಅಂಕಗಳ ಕ್ರಮದಲ್ಲಿಯೂ ಒಂದು ದೋಷ ಅಡಗಿತ್ತು. ಅಂಕ ಕೊಡುವ ಸಂಸ್ಥೆಗಳೆಲ್ಲ ಒಂದೇ ತಕ್ಕಡಿಯನ್ನು ಹಿಡಿದಿರುವುದಿಲ್ಲ. ಪೇಟೆಯ ಶಾಲೆಯಲ್ಲಿ ಓದಿದವನ ಎಂಬತ್ತೂ, ದಿನಕ್ಕೆ ಮೂರು ಮೈಲು ನಡೆದು ಬಂದು ದೀಪದ ಬೆಳಕಿನಲ್ಲಿ ಓದಿದವನ ಎಪ್ಪತ್ತೂ ಸಮಾನವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಬಹುಜನ ವಾದಿಸಿದರು. ಈ ವಾದದಿಂದ ಹುಟ್ಟಿದುದು ಗ್ರಾಮೀಣ ಕೃಪಾಂಕ, ಅಂದರೆ ಹಳ್ಳಿಯ ಅಭ್ಯರ್ಥಿಗಳಿಗೆ ಕೊಟ್ಟ ಹೆಚ್ಚುವರಿ ಅಂಕ. ಉದ್ದೇಶ ಉದಾತ್ತ, ಆದರೆ ಕಾನೂನಿನ ನೆಲೆ ಸಡಿಲ. ಹಳ್ಳಿಯೆಂಬುದನ್ನು ಆಡಳಿತದ ಗಡಿಯಿಂದ ಗುರುತಿಸಬೇಕೋ, ಬಾಳಿನ ಕಷ್ಟದಿಂದ ಗುರುತಿಸಬೇಕೋ? ಒಂಟಿಮನೆಯಿಂದ ನಡೆದು ಕೊಪ್ಪದ ಪಟ್ಟಣದ ಶಾಲೆಗೆ ಬಂದವನು ಯಾವ ಪಟ್ಟಿಗೆ ಸೇರುತ್ತಾನೆ? 2002ರ ಜುಲೈ 30ರಂದು ರಾಜಸ್ಥಾನದ ಶಿಕ್ಷಕರ ನೇಮಕಕ್ಕೆ ಸಂಬಂಧಿಸಿದ ಕೈಲಾಸ ಚಂದ ಶರ್ಮಾ ಪ್ರಕರಣದಲ್ಲಿ, ವಾಸಸ್ಥಳವನ್ನು ಆಧರಿಸಿ ಹೆಚ್ಚುವರಿ ಅಂಕ ಕೊಡುವುದು ಸಮಾನಾವಕಾಶಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನಮ್ಮ ರಾಜ್ಯದ ಕೃಪಾಂಕವೂ ಉಳಿಯಲಿಲ್ಲ. ಅದರಿಂದ ಕೆಲಸಕ್ಕೆ ಬಂದಿದ್ದವರು ಕೆಲಸವನ್ನು ಕಳೆದುಕೊಂಡರು. ಆಮೇಲೆ ವಿಶೇಷ ಕ್ರಮದಿಂದ ಅವರಲ್ಲಿ ಅನೇಕರು ಮತ್ತೆ ಸೇವೆಗೆ ಬಂದರೂ, ಮೊದಲ ನೇಮಕದ ವರ್ಷಗಳು ಲೆಕ್ಕಕ್ಕೆ ಬರಲಿಲ್ಲವೆಂಬ ಅಳಲು ಅವರ ಸಂಘಗಳ ಮನವಿಗಳಲ್ಲಿ ಕೇಳುತ್ತಲೇ ಬಂದಿದೆ. ನಿಯಮವನ್ನು ಮಾಡಿದವರು ಸರ್ಕಾರದವರು, ಅದನ್ನು ನಂಬಿ ಅರ್ಜಿ ಹಾಕಿದವರು ಅಭ್ಯರ್ಥಿಗಳು. ನಿಯಮ ಬಿದ್ದಾಗ ಅದರ ಕೆಳಗೆ ಸಿಕ್ಕಿದವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ದಶಕಗಳಲ್ಲಿ ಶಿಕ್ಷಕರ ನೇಮಕಕ್ಕೂ ಸ್ಪರ್ಧಾ ಪರೀಕ್ಷೆ ಬಂದಿತು. 2009ರ ಶಿಕ್ಷಣ ಹಕ್ಕಿನ ಕಾನೂನಿನ ಫಲವಾಗಿ ಅರ್ಹತಾ ಪರೀಕ್ಷೆಯೂ ಸೇರಿ, 2014ರಲ್ಲಿ ಅದು ನಮ್ಮಲ್ಲಿ ಮೊದಲ ಬಾರಿಗೆ ನಡೆಯಿತು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆಯಾಯಿತು. ಬಾಗಿಲಿಗೆ ಬೀಗದ ಮೇಲೆ ಬೀಗ ಹಾಕಿದಂತೆ ಅರ್ಹತೆಗಳು ಹೆಚ್ಚುತ್ತ ಹೋದುವು.

ಇತ್ತ ದೊಡ್ಡ ಹುದ್ದೆಗಳ ಕಡೆ ನೋಡಿದರೆ ಮನಸ್ಸಿಗೆ ಖೇದವಾಗುತ್ತದೆ. ಲೋಕಸೇವಾ ಆಯೋಗವು 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಮಾಡಿದ ಆಯ್ಕೆಯನ್ನು ಅಕ್ರಮದ ಆರೋಪಗಳ ಮೇಲೆ ಸರ್ಕಾರ 2014ರಲ್ಲಿ ಹಿಂದಕ್ಕೆ ಪಡೆಯಿತು. 2016ರಲ್ಲಿ ಆಡಳಿತ ನ್ಯಾಯಮಂಡಲಿ ಆಯ್ಕೆಯನ್ನು ಎತ್ತಿಹಿಡಿಯಿತು. 2018ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2022ರಲ್ಲಿ ಶಾಸನಸಭೆ ಕಾನೂನು ಮಾಡಿ ಆಯ್ಕೆಯನ್ನು ಊರ್ಜಿತಗೊಳಿಸಿತು. ನಡುವೆ ಹನ್ನೊಂದು ವರ್ಷ ಕಳೆಯಿತು. ಪ್ರಾಮಾಣಿಕವಾಗಿ ಆಯ್ಕೆಯಾದವನೂ, ಪ್ರಾಮಾಣಿಕವಾಗಿ ಬರೆದು ಸೋತವನೂ ಈ ಹನ್ನೊಂದು ವರ್ಷವನ್ನು ಒಂದೇ ಬಗೆಯ ಅನಿಶ್ಚಯದಲ್ಲಿ ಕಳೆದರು. 2013ರಲ್ಲಿಯೇ ಪಿ. ಸಿ. ಹೋಟಾ ಸಮಿತಿಯು ಆಯೋಗದ ಸುಧಾರಣೆಗೆ ಸಲಹೆಗಳನ್ನು ಕೊಟ್ಟಿತ್ತು. ಸಂದರ್ಶನದ ಅಂಕಗಳು ಇಳಿಯುತ್ತ ಬಂದು ಕೊನೆಗೆ 25ಕ್ಕೆ ನಿಂತುವು. 2021ರಲ್ಲಿ ನಡೆದ 545 ಪೋಲೀಸು ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಸಂದರ್ಶನದ ಕೊಠಡಿಯಲ್ಲಿ ಜಾಗ ಕಳೆದುಕೊಂಡ ಕೈ ಉತ್ತರಪತ್ರಿಕೆಯ ಮೇಲೆ ಕಾಣಿಸಿಕೊಂಡಿತು.

2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯ ಪ್ರಸಂಗವನ್ನು ಭಾಷೆಯ ಅಭ್ಯಾಸಿಗಳಾದ ನಾವು ಬಿಟ್ಟುಬಿಡಲಾರೆವು. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಸಿದ್ಧಮಾಡಿ ಕನ್ನಡಕ್ಕೆ ತಿರುಗಿಸಿದಾಗ ಅರ್ಥವೇ ಕೆಟ್ಟಿತು. ಕನ್ನಡವನ್ನೇ ನಂಬಿ ಬರೆದವನು ತಪ್ಪು ಪ್ರಶ್ನೆಗೆ ಸರಿಯುತ್ತರವನ್ನು ಹುಡುಕುತ್ತ ಕುಳಿತ. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅದರ ಮೇಲೆಯೂ ಅದೇ ದೂರು ಬಂದಿತು. 1891ರಲ್ಲಿ ಇಂಗ್ಲಿಷು ಬಾರದವನಿಗೆ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಈಗ ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಮುರಿದಿದೆ. ಶೃಂಗೇರಿಯಿಂದ ಜಿಲ್ಲೆಯ ಮುಖ್ಯ ಪಟ್ಟಣಕ್ಕೇ 90 ಕಿಲೋಮೀಟರಿನಷ್ಟು ದೂರ. ಪರೀಕ್ಷೆ ಎರಡು ಬಾರಿಯಾದರೆ ಪ್ರಯಾಣವೂ ಎರಡು ಬಾರಿ, ವಸತಿಯೂ ಎರಡು ಬಾರಿ.

ವಿಶ್ವವಿದ್ಯಾನಿಲಯದವರಾದ ನಾವು ನಮ್ಮ ಮನೆಯ ಮಾತನ್ನು ಹೇಳದೆ ಮುಗಿಸುವುದು ಸರಿಯಾಗಲಾರದು. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2021ರಲ್ಲಿ ಅಧಿಸೂಚನೆ ಹೊರಟಿತು. ಅದೇ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. 2021ರ ಕೊನೆಯಲ್ಲಿಯೂ 2023ರ ಕೊನೆಯಲ್ಲಿಯೂ ಅವರು ತರಗತಿಗಳನ್ನು ಬಿಟ್ಟು ಹೋರಾಟಕ್ಕೆ ಇಳಿದರು. 2022ರ ಜನವರಿಯಲ್ಲಿ ಗೌರವಧನ ಏರಿತು, ಹುದ್ದೆಯ ಭದ್ರತೆ ಬರಲಿಲ್ಲ. ಉಮಾದೇವಿ ಪ್ರಕರಣದ ತೀರ್ಪು ಅವರ ಮುಂದೆ ಗೋಡೆಯಂತೆ ನಿಂತಿದೆ. ಈ ಮೂರು ತಾಲ್ಲೂಕುಗಳಿಂದ ಎಂ.ಎ. ಮಾಡಲು ಬಂದು, ಓದು ಮುಗಿಸಿ, ಪ್ರತಿ ವರ್ಷದ ಮಳೆಗಾಲದಲ್ಲಿ ಹೊಸದಾಗಿ ಅರ್ಜಿ ಹಾಕಿ, ಬೇಸಗೆಗೆ ಕೆಲಸ ಕಳೆದುಕೊಳ್ಳುವ ತರುಣ ತರುಣಿಯರನ್ನು ನಮ್ಮ ವಿಭಾಗಗಳಲ್ಲಿ ಯಾರಾದರೂ ಕಾಣಬಹುದು. ಕಾಗದಪತ್ರಗಳಲ್ಲಿ ಅವರನ್ನು ಅತಿಥಿ ಎಂದು ಕರೆಯುತ್ತಾರೆ. ಹಳೆಯ ಕಚೇರಿಯ ಭಾಷೆಯಲ್ಲಿ ಅವರಿಗಿದ್ದ ಹೆಸರು ಉಮೇದುವಾರ.